ಅವ್ವನಿಗೆ ಓದಲು ಬಾರದ ಕನ್ನಡ

ನಮ್ಮ ಅವ್ವ ಫೋನಿನಲ್ಲಿ ಈಗಲೂ ಕೂಗಿ ಮಾತಾಡುತ್ತಾಳೆ. ಎದುರಿಗೆ ಕೂತಾಗ ಮೆತ್ತಗೆ ಮಾತಾಡುವ ಹೆಂಗಸು. ಫೋನು ಕಿವಿಗೆ ಹಿಡಿದಳೆಂದರೆ ಹೊಲದ ಆಚೆ ಬದುವಿನಲ್ಲಿ ನಿಂತವರನ್ನು ಕರೆಯುವ ಹಾಗೆ ದನಿ ಎತ್ತುತ್ತಾಳೆ. ‘ಯವ್ವಾ, ಸಾವಕಾಶ ಮಾತಾಡ, ಕೇಳಸ್ತೈತಿ’ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇವೆ. ಎರಡು ಮಾತು ಮೆತ್ತಗೆ ಆಡುತ್ತಾಳೆ, ಮೂರನೆಯದಕ್ಕೆ ಮತ್ತೆ ಅದೇ ದನಿ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅವ್ವ ಫೋನು ಮಾಡಲು ಕಲಿತದ್ದು ಟ್ರಂಕ್ ಕಾಲ್ ಕಾಲದಲ್ಲಿ, ಊರಿಗೊಂದೇ ಫೋನಿದ್ದ ಅಂಗಡಿಯ ಕಟ್ಟೆಯ ಮೇಲೆ. ಕಾಲ್ ಬುಕ್ ಮಾಡಿ ಅರ್ಧ ದಿನ ಕಾದರೆ ಸಿಗುತ್ತಿದ್ದದ್ದು ಮೂರು ನಿಮಿಷ. ಅದರಲ್ಲಿ ಒಂದು ನಿಮಿಷ ‘ಹಲೋ, ಹಲೋ’ ಎನ್ನುವುದಕ್ಕೇ ಹೋಗುತ್ತಿತ್ತು. ತಂತಿಯ ಆ ತುದಿಗೆ ದನಿ ಮುಟ್ಟಬೇಕಾದರೆ ಕೂಗಲೇಬೇಕಿತ್ತು. ಆ ತಂತಿ ಹೋಯಿತು, ಆ ಅಂಗಡಿಯೂ ಹೋಯಿತು. ಕೂಗು ಮಾತ್ರ ಅವ್ವನ ಗಂಟಲಲ್ಲಿ ಉಳಿಯಿತು.

ಇದನ್ನು ನೆನೆಸಿಕೊಂಡು ನಾನು ನಗುತ್ತಿದ್ದೆ. ನನ್ನಲ್ಲೂ ಅಂಥದೇ ಒಂದು ಚಾಳಿ ಬೇರುಬಿಟ್ಟಿದೆ ಎಂದು ತಿಳಿದ ಮೇಲೆ ನಗು ನಿಂತಿತು. ನಾನು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೇನೆ. ಅಣ್ಣನಿಗೆ, ತಂಗಿಗೆ, ಗೆಳೆಯರಿಗೆ, ಇಲ್ಲಿಯ ಕನ್ನಡ ಸಂಘದ ಗುಂಪಿಗೆ, ಎಲ್ಲರಿಗೂ. ಇದನ್ನು ಓದುತ್ತಿರುವ ನಿಮ್ಮಲ್ಲೂ ಬಹಳ ಜನ ಹೀಗೇ ಬರೆಯುತ್ತೀರಿ. ಸೋಮಾರಿತನ ಎಂದು ಬೈಯುವವರಿದ್ದಾರೆ, ಭಾಷಾಭಿಮಾನ ಸತ್ತಿತು ಎಂದು ಭಾಷಣ ಮಾಡುವವರೂ ಇದ್ದಾರೆ. ನನಗೆ ಎರಡೂ ಪೂರ್ತಿ ಸರಿ ಎನಿಸುವುದಿಲ್ಲ. ಈ ಚಾಳಿಗೆ ಒಂದು ಚರಿತ್ರೆ ಇದೆ. ಅವ್ವನ ಕೂಗಿನ ಹಾಗೆ ಇದೂ ಒಂದು ಕಾಲದಲ್ಲಿ ಅಗತ್ಯವಾಗಿತ್ತು.

ಇನ್‌ಲ್ಯಾಂಡ್ ಪತ್ರದ ಅಂಚು

ನಾನು ಕೆಲಸಕ್ಕೆಂದು ಪುಣೆಗೆ ಬಂದದ್ದು 1996ರಲ್ಲಿ. ಹಾನಗಲ್ ಕಡೆಯ ನಮ್ಮ ಊರಿನಿಂದ ವಾರಕ್ಕೊಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಬರೆಯುತ್ತಿದ್ದದ್ದು ಅಪ್ಪ. ‘ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಪತ್ರ ಬರೆ’ ಎಂದು ಶುರು. ಆಮೇಲೆ ಮಳೆ, ಬೆಳೆ, ಎಮ್ಮೆ ಈದದ್ದು, ಸೊಸೈಟಿಯ ಸಾಲ, ಯಾರದೋ ಮದುವೆ. ಮಡಿಚಿ ಅಂಟು ಹಚ್ಚುವ ಅಂಚಿನ ಸಣ್ಣ ಜಾಗ ಮಾತ್ರ ಅವ್ವನದು. ಅಲ್ಲಿ ಅವಳು ಎರಡು ಸಾಲು ಬರೆಯುತ್ತಿದ್ದಳು: ಹೊತ್ತಿಗೆ ಸರಿಯಾಗಿ ಉಣ್ಣು, ಎಣ್ಣೆ ಹಚ್ಚಿಕೊಂಡು ಎರಕೋ.

ಅವ್ವ ಮುಲ್ಕಿ ಪರೀಕ್ಷೆ ಪಾಸಾದವಳು, ಅಂದರೆ ಏಳನೆಯ ಇಯತ್ತೆ. ಆ ಕಾಲಕ್ಕೆ, ಆ ಊರಿಗೆ, ಅದು ಸಣ್ಣ ಮಾತಲ್ಲ. ‘ಕಸ್ತೂರಿ’ ಮಾಸಿಕವನ್ನು ಮುಖಪುಟದಿಂದ ಜಾಹೀರಾತಿನವರೆಗೆ ಓದುತ್ತಿದ್ದಳು. ತ್ರಿವೇಣಿಯವರ ಕಾದಂಬರಿಗಳನ್ನು ಓದಿ ಅತ್ತದ್ದನ್ನು ನಾನೇ ಕಂಡಿದ್ದೇನೆ. ಇದನ್ನು ಇಲ್ಲಿ ಹೇಳಲು ಕಾರಣ ಮುಂದೆ ತಿಳಿಯುತ್ತದೆ. ಅವ್ವ ಓದು ಬಲ್ಲವಳು ಎಂಬುದನ್ನು ಮರೆಯದಿರಿ; ನಾನು ಅದನ್ನೇ ಮರೆತಿದ್ದೆ.

ತುರ್ತು ಮಾತಿದ್ದರೆ ಎಸ್‌ಟಿಡಿ ಬೂತು. ರಾತ್ರಿ ಹೊತ್ತಾದ ಮೇಲೆ ದರ ಕಾಲುಭಾಗಕ್ಕೆ ಇಳಿಯುತ್ತಿದ್ದುದರಿಂದ ಬೂತಿನ ಮುಂದೆ ಸರದಿ ಶುರುವಾಗುತ್ತಿದ್ದದ್ದೇ ಆಗ. ಮೀಟರಿನ ಕೆಂಪು ಅಂಕೆ ಏರುವುದನ್ನು ನೋಡುತ್ತ ಮಾತಾಡಿದವರಿಗೆ ಇಂದಿಗೂ ಫೋನಿನಲ್ಲಿ ಸುಮ್ಮನಿರುವುದು ಕಷ್ಟ. ನಡುವೆ ಒಂದು ಗಳಿಗೆ ಮೌನ ಬಂದರೆ ದುಡ್ಡು ಸೋರಿದ ಹಾಗೆ ಅನಿಸುತ್ತದೆ. ಮಿಸ್ಡ್ ಕಾಲ್ ಕೊಡುವ ಪದ್ಧತಿಯೂ ಹೀಗೆ ದರದಿಂದ ಹುಟ್ಟಿದ್ದೇ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಕರೆಯ ದರ ನಿಮಿಷಕ್ಕೆ ಸುಮಾರು 16 ರೂಪಾಯಿಯವರೆಗೆ ಇತ್ತು, ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರ ಮೇ ತಿಂಗಳಿಂದ ಬರುವ ಕರೆ ಪುಕ್ಕಟೆಯಾಯಿತು, ಮಾಡುವವರಿಗೆ ಮಾತ್ರ ಖರ್ಚು. ಒಂದು ಸಲ ರಿಂಗ್ ಕೊಟ್ಟು ಕತ್ತರಿಸಿದರೆ ‘ಮುಟ್ಟಿದೆ’, ಎರಡು ಸಲ ಕೊಟ್ಟರೆ ‘ತಿರುಗಿ ಫೋನ್ ಮಾಡು’. ಇಂಥ ಕರಾರುಗಳು ಯಾವ ಮನೆಯಲ್ಲಿ ಇರಲಿಲ್ಲ ಹೇಳಿ.

ಮುಂಬಯಿಯಲ್ಲಿ ಕುಳಿತು ಕನ್ನಡ ಕೂಡಿಸಿದವರು

ಪುಣೆಯ ನನ್ನ ಆಫೀಸಿನಲ್ಲಿ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಇ-ಮೇಲ್ ಬಂತು. ಅದರಲ್ಲಿ ಕನ್ನಡ ಬರೆಯುವುದು ಹೇಗೆ?

ಬರೆಯಲು ಆಗುತ್ತಲೇ ಇರಲಿಲ್ಲ ಎನ್ನುವುದು ತಪ್ಪು. ಕನ್ನಡವನ್ನು ಯಂತ್ರಕ್ಕೆ ಕೂಡಿಸಿದವರಲ್ಲಿ ಮುಖ್ಯರಾದ ಇಬ್ಬರು ಮುಂಬಯಿಯಲ್ಲೇ ಕೆಲಸ ಮಾಡಿದವರು ಎಂಬುದನ್ನು ನಾವು, ಹೊರನಾಡಿನವರು, ನೆನಪಿಡಬೇಕು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಆಮೇಲೆ ಅಕ್ಷರ ಜೋಡಣೆಯ ಉದ್ಯಮಕ್ಕೆ ಹೋದವರು. ಕನ್ನಡದ ಅಷ್ಟೂ ಕಾಗುಣಿತ, ಒತ್ತಕ್ಷರಗಳನ್ನು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳ ಕೀಲಿಗಳಲ್ಲೇ ಹಿಡಿಸುವ ವಿನ್ಯಾಸ ಅವರದು. ದನಿ ಹೇಗೋ ಕೀಲಿ ಹಾಗೆ. ಒತ್ತು ಬೇಕಾದಾಗ ನಡುವೆ ಎಫ್ ಒತ್ತಬೇಕು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಏಟು. ಅವರು ಅದನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಕ್ಕೆ ಅದೇ ಬುನಾದಿ. ಎರಡನೆಯವರು ಯು.ಬಿ. ಪವನಜ. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಅವರು 1996ರಲ್ಲಿ ‘ವಿಶ್ವ ಕನ್ನಡ’ ಎಂಬ ಪತ್ರಿಕೆ ಶುರುಮಾಡಿದರು. ಅಂತರಜಾಲದಲ್ಲಿ ಬಂದ ಕನ್ನಡದ ಮೊದಲ ಪತ್ರಿಕೆ ಅದು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರ ‘ಬರಹ’ ಬಂತು. ಇಂಗ್ಲಿಷ್ ಅಕ್ಷರ ಕುಟ್ಟಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು.

ತೊಡಕು ಇದ್ದದ್ದು ಬರೆಯುವುದರಲ್ಲಲ್ಲ, ಕಳಿಸುವುದರಲ್ಲಿ. ಆಗಿನ ಕನ್ನಡ ಫಾಂಟು ಒಂದು ವೇಷದ ಹಾಗೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಅಂಕೆಗಳೇ. ಫಾಂಟು ಅವುಗಳಿಗೆ ಕನ್ನಡದ ಮುಖ ತೊಡಿಸುತ್ತಿತ್ತು. ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ, ಅರ್ಥವಿಲ್ಲದ ಚುಕ್ಕಿ, ಗೆರೆ, ಅರೆಬರೆ ಅಕ್ಷರ. ನಮ್ಮ ಪುಣೆಯಲ್ಲೇ ತಯಾರಾದ ‘ಶ್ರೀಲಿಪಿ’ಯದು ಒಂದು ಲೆಕ್ಕ, ಬೇರೆ ಕಂಪನಿಗಳದು ಇನ್ನೊಂದು. ಒಂದೊಂದು ಕನ್ನಡ ಪತ್ರಿಕೆಯ ತಾಣಕ್ಕೂ ಅದರದೇ ಫಾಂಟು ಇಳಿಸಿಕೊಳ್ಳಬೇಕಿತ್ತು. ನಾನು ಬೆಂಗಳೂರಿನ ಗೆಳೆಯನೊಬ್ಬನಿಗೆ ಮೂರು ಪುಟದ ಕನ್ನಡ ಪತ್ರ ಕುಟ್ಟಿ ಇ-ಮೇಲ್ ಮಾಡಿದ್ದೆ. ಅವನು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಸಾಲು ಬರೆದ: ‘ಏನೋ ಬಂದಿದೆ, ಓದೋಕೆ ಆಗ್ತಿಲ್ಲ, ಇಂಗ್ಲಿಷಲ್ಲೇ ಬರಿ.’ ಮುಂದಿನ ಪತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆದೆ. ಅವನಿಗೆ ಮುಟ್ಟಿತು. ಮುಟ್ಟಿದ್ದೇ ದೊಡ್ಡದಾಗಿತ್ತು.

160 ಮತ್ತು 70

ಮುಂದಿನದು ಮೊಬೈಲ್. ಇಲ್ಲಿ ನಮ್ಮ ಚಾಳಿ ಗಟ್ಟಿಯಾಗಿ ಕೂತಿತು. ಅದನ್ನು ಕೂರಿಸಿದ್ದು ಒಂದು ಲೆಕ್ಕ.

1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲೆಬ್ರಾಂಟ್ ಎಂಬ ತಂತ್ರಜ್ಞ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು ತೋಚಿದ ವಾಕ್ಯಗಳನ್ನೆಲ್ಲ ಕುಟ್ಟಿ ಅಕ್ಷರ ಎಣಿಸಿದನಂತೆ. ಪೋಸ್ಟ್‌ಕಾರ್ಡಿನಲ್ಲಿ ಜನ ಎಷ್ಟು ಬರೆಯುತ್ತಾರೆ ಎಂದೂ ನೋಡಿದ. 160 ಅಕ್ಷರ ಇದ್ದರೆ ಸಾಕು ಎಂದು ತೀರ್ಮಾನಿಸಿದ. ಮೊಬೈಲ್ ಜಾಲದಲ್ಲಿ ಕರೆಗಳ ನಿರ್ವಹಣೆಗೆಂದು ಇದ್ದ ಸಣ್ಣ ಹಾದಿಯಲ್ಲಿ ಇವು ಸಾಗಬೇಕಿತ್ತು, ಹಾಗಾಗಿ ಒಂದು ಸಂದೇಶಕ್ಕೆ ಸಿಕ್ಕ ಜಾಗ 140 ಬೈಟ್, ಅಂದರೆ 1120 ಬಿಟ್. ಯುರೋಪಿನ ಭಾಷೆಗಳ ಅಕ್ಷರಕ್ಕೆ 7 ಬಿಟ್ ಸಾಕು. 1120ನ್ನು 7ರಿಂದ ಭಾಗಿಸಿದರೆ 160. 1992ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಮೊದಲ ಎಸ್‌ಎಂಎಸ್ ಹೋಯಿತು. ಅದು ಕ್ರಿಸ್‌ಮಸ್ ಶುಭಾಶಯ.

ಕನ್ನಡದ ಅಕ್ಷರ ಆ 7 ಬಿಟ್ಟಿನ ಪಟ್ಟಿಯಲ್ಲಿ ಇರಲಿಲ್ಲ. ಕನ್ನಡದಲ್ಲಿ ಕಳಿಸಬೇಕೆಂದರೆ ಯೂನಿಕೋಡಿನ ದಾರಿ, ಅಲ್ಲಿ ಒಂದು ಸಂಕೇತಕ್ಕೆ 16 ಬಿಟ್. 1120ನ್ನು 16ರಿಂದ ಭಾಗಿಸಿದರೆ 70. ಆ 70 ಕೂಡ ನಾವು ಕಣ್ಣಿಂದ ಎಣಿಸುವ ಅಕ್ಷರಗಳಲ್ಲ. ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. ಅಪ್ಪನ ಪತ್ರದ ಆರಂಭವನ್ನೇ ಎಣಿಸಿ ನೋಡಿದೆ. ‘ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಪತ್ರ ಬರೆ.’ ಚುಕ್ಕಿ, ಖಾಲಿ ಜಾಗ ಸೇರಿ 46. ಮಳೆ, ಬೆಳೆ, ಎಮ್ಮೆ, ಸೊಸೈಟಿ ಸಾಲಕ್ಕೆ ಉಳಿದದ್ದು 24. ಇನ್ನೊಂದು ಸಾಲು ಹೆಚ್ಚಾದರೆ ಎರಡು ಸಂದೇಶದ ದುಡ್ಡು.

ಅಷ್ಟು ದುಡ್ಡು ಕೊಟ್ಟರೂ ಆಚೆ ತುದಿಯ ಹ್ಯಾಂಡ್‌ಸೆಟ್ಟಿಗೆ ಕನ್ನಡ ಗೊತ್ತಿರಬೇಕು. ನನ್ನ ಮೊದಲ ಹ್ಯಾಂಡ್‌ಸೆಟ್ಟಿನಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ಕನ್ನಡದಲ್ಲಿ ಬಂದದ್ದು ಸಾಲು ಸಾಲು ಚೌಕಗಳಾಗಿ ಕಾಣುತ್ತಿತ್ತು. ಹೀಗಿರುವಾಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದದ್ದು ಸೋಮಾರಿತನವೇ? ಅಲ್ಲ. ಇದ್ದ ಒಂದೇ ದಾರಿಯಲ್ಲಿ ನಡೆದೆವು. ಬಾನ್ ನಗರದ ಆ ತಂತ್ರಜ್ಞನೂ ಕನ್ನಡಕ್ಕೆ ಕೆಟ್ಟದ್ದು ಮಾಡಲು ಹೊರಟವನಲ್ಲ. ಅವನು ಎಣಿಸಿದ ಪೋಸ್ಟ್‌ಕಾರ್ಡುಗಳಲ್ಲಿ ನಮ್ಮವು ಇರಲಿಲ್ಲ, ಅಷ್ಟೇ.

ದರ ನಮ್ಮ ಹಬ್ಬವನ್ನೂ ಬಿಡಲಿಲ್ಲ. ದೀಪಾವಳಿ, ಹೊಸ ವರ್ಷದಂಥ ದಿನ ಮೊಬೈಲ್ ಕಂಪನಿಗಳ ಅಗ್ಗದ ಎಸ್‌ಎಂಎಸ್ ಪ್ಯಾಕ್ ನಡೆಯುತ್ತಿರಲಿಲ್ಲ, ಪೂರಾ ದರ ಬೀಳುತ್ತಿತ್ತು. ಹಾಗಾಗಿ ಹಬ್ಬದ ಹಿಂದಿನ ದಿನವೇ ಶುಭಾಶಯ ಕಳಿಸುವುದನ್ನು ಕಲಿತೆವು. ಈಗ ಆ ಪ್ಯಾಕೂ ಇಲ್ಲ, ಆ ದರವೂ ಇಲ್ಲ. ಆದರೂ ಹಬ್ಬದ ಶುಭಾಶಯ ಹಿಂದಿನ ದಿನ ಮಧ್ಯಾಹ್ನವೇ ಬರತೊಡಗುತ್ತದೆ, ಗಮನಿಸಿದ್ದೀರಾ?

ಬಳೆಯೋ ಬಾಳೆಯೋ

ಅಪ್ಪ 2005ರಲ್ಲಿ ತೀರಿಕೊಂಡ. ಇನ್‌ಲ್ಯಾಂಡ್ ಪತ್ರ ನಿಂತಿತು. ಮರುವರ್ಷ ಅಣ್ಣ ಅವ್ವನಿಗೊಂದು ಮೊಬೈಲ್ ತಂದುಕೊಟ್ಟ. ನಾನು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ, ನಡುವೆ ಎಸ್‌ಎಂಎಸ್ ಕಳಿಸುತ್ತಿದ್ದೆ. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದ್ದು.

ಅವ್ವನಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಫೋನು ಟಿಣ್ ಎಂದರೆ ಅಣ್ಣನ ಮಗ ಶಾಲೆಯಿಂದ ಬರುವವರೆಗೆ ಕಾಯುತ್ತಿದ್ದಳು. ಅವನು ಓದಿ ಹೇಳಬೇಕು. ಆಟದ ಗಡಿಬಿಡಿಯಲ್ಲಿ ಅವನು ಅರ್ಧ ಓದಿ, ಅರ್ಧ ಊಹಿಸಿ ಹೇಳಿ ಓಡುತ್ತಿದ್ದ. ಒಮ್ಮೆ ಪಂಚಮಿಗೆ ತಂಗಿ ತವರಿಗೆ ಬರುವವಳಿದ್ದಳು. ‘ಪುಣೆಯಿಂದ ಬಳೆ ತರ್ತೀನಿ’ ಎಂದು ಬರೆದೆ. ಬಿ, ಎ, ಎಲ್, ಇ. ಹುಡುಗ ‘ಬಾಳೆ’ ಎಂದು ಓದಿದ. ಅವ್ವ ರಾತ್ರಿ ಫೋನು ಮಾಡಿಸಿ ಕೂಗಿದಳು: ‘ಅಲ್ಲೋ ತಮ್ಮಾ, ಹಿತ್ತಲದಾಗ ಗೊನಿ ಜೋತು ಬಿದ್ದಾವು, ಅಷ್ಟು ದೂರದಿಂದ ಬಾಳಿಹಣ್ಣು ಹೊತ್ಕೊಂಡು ಯಾಕ ಬರ್ತೀಯೋ?’

ಎಲ್ಲರೂ ನಕ್ಕೆವು. ನಗುವಂಥದ್ದೇ. ಬಲೆ, ಬಳೆ, ಬಾಳೆ ಮೂರೂ ಅದೇ ನಾಲ್ಕು ಅಕ್ಷರ. ಮಲೆ, ಮಳೆ, ಮಾಲೆ ಕೂಡ ಹಾಗೇ. ಕಾಲು ನೋವೋ ಕಾಳು ತಂದದ್ದೋ, ಹಾಲಾಯಿತೋ ಹಾಳಾಯಿತೋ, ಸಂದರ್ಭ ನೋಡಿ ತಿಳಿಯಬೇಕು.

ನಗುವಿನಾಚೆಗೆ ಏನು ನಡೆಯುತ್ತಿತ್ತು ಎಂದು ನನಗೆ ಬಹಳ ವರ್ಷ ಹೊಳೆಯಲಿಲ್ಲ. ಮುಲ್ಕಿ ಪಾಸಾದ, ಕಾದಂಬರಿ ಓದುವ, ಪತ್ರದ ಅಂಚಿನಲ್ಲಿ ಮಗನಿಗೆ ಬುದ್ಧಿಮಾತು ಬರೆಯುತ್ತಿದ್ದ ಹೆಂಗಸು ತನ್ನದೇ ಭಾಷೆಯಲ್ಲಿ, ತನ್ನದೇ ಮಗ ಬರೆದದ್ದನ್ನು ಓದಿಸಿಕೊಳ್ಳಲು ಹತ್ತು ವರ್ಷದ ಹುಡುಗನ ದಾರಿ ಕಾಯುತ್ತಿದ್ದಳು. ಹಿಂದೆಲ್ಲ ಊರಿನ ಓದು ಬಾರದವರು ಕಾಗದ ಹಿಡಿದು ಮಾಸ್ತರರ ಮನೆಗೆ ಬರುತ್ತಿದ್ದರಲ್ಲ, ಹಾಗೆ. ಕೈಗೆ ಫೋನು ಬಂದ ದಿನ ಅವ್ವ ಅನಕ್ಷರಸ್ಥಳಾದಳು. ಮಾಡಿದವನು ನಾನು.

ಇನ್ನೊಂದು ನಷ್ಟವೂ ಆಯಿತು. ಪರರು ಓದಿ ಹೇಳುವ ಕಾಗದದಲ್ಲಿ ಯಾರೂ ಮನಸ್ಸಿನ ಮಾತು ಬರೆಯುವುದಿಲ್ಲ. ಅಪ್ಪ ಹೋದ ಮೇಲೆ ಅವ್ವನಿಗೆ ಬರೆಯಬೇಕಾದ್ದು ಬಹಳ ಇತ್ತು. ಬರೆದದ್ದು ‘ಊಟ ಆಯ್ತಾ’, ‘ಮುಟ್ಟಿದೆ’, ‘ನಾಳೆ ಫೋನ್ ಮಾಡ್ತೀನಿ’.

ಕಾರಣ ಹೋದ ಮೇಲೂ

ಯೂನಿಕೋಡ್ ಹೊಸದಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಕನ್ನಡದ ಒಂದೊಂದು ಅಕ್ಷರಕ್ಕೂ ಇಂಗ್ಲಿಷಿನದರ ವೇಷವಲ್ಲದ, ಅದರದೇ ಆದ ಅಂಕೆ. ಆದರೆ ಅಂಕೆ ಇದ್ದರೆ ಸಾಲದು, ಆ ಅಂಕೆಗಳನ್ನು ಕೂಡಿಸಿ ಒತ್ತು, ಗುಣಿತ ಸರಿಯಾಗಿ ಬಿಡಿಸುವ ಯಂತ್ರ ಬೇಕು. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡವನ್ನು ‘ತುಂಗಾ’ ಎಂಬ ಫಾಂಟಿನ ಜೊತೆ ತಂದಿತು. ಆದರೂ ಸಿ.ಡಿ. ಹಾಕಿ, ಸೆಟ್ಟಿಂಗಿನೊಳಗೆ ಹುಡುಕಿ, ಒಂದು ಚೌಕಕ್ಕೆ ಗುರುತು ಹಾಕಿದರೆ ಮಾತ್ರ ಅದು ಸರಿಯಾಗಿ ಕಾಣುತ್ತಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಮೊಬೈಲಿಗೆ ಇನ್ನೂ ತಡ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳಿಗೆ ಬೆಂಬಲ ಸೇರಿತು. ಅಷ್ಟರಲ್ಲಿ ವಾಟ್ಸ್‌ಆ್ಯಪ್ ಬಂದು 70, 160ರ ಲೆಕ್ಕವೂ ಮುಗಿದಿತ್ತು.

ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ನನಗಿದ್ದ ಕಾರಣಗಳು ಒಂದೊಂದಾಗಿ ಬಿದ್ದುಹೋದವು. ಬಿದ್ದದ್ದು ನನ್ನ ಬೆರಳಿಗೆ ತಿಳಿಯಲಿಲ್ಲ. ಜಾಗದ ಮಿತಿ ಹೋದರೂ ನಾನು ‘ಊಟ ಆಯ್ತಾ’ ದಾಟಲಿಲ್ಲ.

2017ರಲ್ಲಿ ಅವ್ವನ ಕೈಗೆ ಟಚ್ ಫೋನು ಬಂತು. ಕಾಲೇಜಿಗೆ ಹೋಗುತ್ತಿದ್ದ ಅಣ್ಣನ ಮಗನೇ ಅದರಲ್ಲಿ ಕನ್ನಡ ಕೀಲಿಮಣೆ ಹಾಕಿಕೊಟ್ಟ. ಎಂಟು ದಿನಕ್ಕೆ ನನಗೊಂದು ಸಂದೇಶ ಬಂತು. ‘ತಮ್ಮಾ ಹ್ಯಾಂಗ ಅದಿ. ಮಳಿ ಚಲೋ ಆಗೇತಿ.’ ಹನ್ನೆರಡು ವರ್ಷದ ಮೇಲೆ ಅವ್ವ ನನಗೆ ಬರೆದಿದ್ದಳು. ನಾನು ಸಂತೋಷದಿಂದ ತಕ್ಷಣ ಉತ್ತರ ಕುಟ್ಟಿದೆ, ಇಂಗ್ಲಿಷ್ ಅಕ್ಷರದಲ್ಲಿ. ಸ್ವಲ್ಪ ಹೊತ್ತಿಗೆ ಅವಳ ಮಾರುತ್ತರ: ‘ನೀ ಬರದಿದ್ದು ನನಗ ಓದಾಕ ಬರಂಗಿಲ್ಲ. ಹುಡುಗ ಮನ್ಯಾಗ ಇಲ್ಲ.’

ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಆ ಸಂಜೆ ನನ್ನ ಫೋನಿನಲ್ಲಿ ಕನ್ನಡ ಕೀಲಿಮಣೆ ಹುಡುಕಿದೆ. ಹುಡುಕಲು ಹಿಡಿದದ್ದು ಎರಡು ನಿಮಿಷ.

ಲಿಪಿಯ ಪಾಪ ಏನೂ ಇಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ರೋಮನ್ ಲಿಪಿಯೇ ಕೆಟ್ಟದ್ದು ಎನ್ನುವ ಪೈಕಿ ನಾನಲ್ಲ. ಕೊಂಕಣಿಯ ಮೊದಲ ನಿಯತಕಾಲಿಕ ‘ಉದೆಂತೆಚೆಂ ಸಾಳಕ್’ 1889ರಲ್ಲಿ ಹೊರಬಂದದ್ದು ನಮ್ಮ ಪುಣೆಯಲ್ಲೇ, ಅದೂ ರೋಮನ್ ಲಿಪಿಯಲ್ಲಿ. ಅದೇ ಕೊಂಕಣಿಯನ್ನು ಮಂಗಳೂರಿನವರು ಕನ್ನಡ ಲಿಪಿಯಲ್ಲಿ ಬರೆದು ಪತ್ರಿಕೆ ನಡೆಸಿದ್ದಾರೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ನಮ್ಮ ಶಾಸನಗಳು ರೋಮನ್ ಅಕ್ಷರದಲ್ಲೂ ಅಚ್ಚಾಗಿವೆ. ಆದರೆ ಈ ಎಲ್ಲ ಕಡೆ ಬರೆಯುವವರ ನಡುವೆ ಒಂದು ಒಪ್ಪಂದ ಇತ್ತು. ಯಾವ ದನಿಗೆ ಯಾವ ಅಕ್ಷರ, ಹ್ರಸ್ವಕ್ಕೇನು ದೀರ್ಘಕ್ಕೇನು, ಲ ಯಾವುದು ಳ ಯಾವುದು ಎಂಬ ಕಟ್ಟು ಇತ್ತು. ನಮ್ಮ ಎಸ್‌ಎಂಎಸ್ ಕನ್ನಡಕ್ಕೆ ಅಂಥ ಕಟ್ಟು ಇಲ್ಲ. ಕನ್ನಡವನ್ನು ಮೊದಲೇ ಬಲ್ಲವರು ಅದನ್ನು ಊಹಿಸಿ ಓದಬಲ್ಲರು. ಅದರಿಂದ ಯಾರೂ ಕನ್ನಡ ಕಲಿಯಲಾರರು. ನಮ್ಮ ಹಿರಿಯರಿಗೆ ಅದು ಮುಚ್ಚಿದ ಬಾಗಿಲು. ಮಕ್ಕಳಿಗೆ ತೆರೆದೇ ಇದ್ದರೂ ಎಲ್ಲಿಗೂ ಒಯ್ಯದ ಬಾಗಿಲು.

ಮಕ್ಕಳ ಮಾತು ಬಂದದ್ದಕ್ಕೆ ನನ್ನ ಮನೆಯದನ್ನೇ ಹೇಳುತ್ತೇನೆ. ಮಗಳು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ನಾನು ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆಯತೊಡಗಿದ ಮೊದಲ ವಾರವೇ ಅವಳು ಕೇಳಿದಳು, ‘ಪಪ್ಪಾ, ನನಗೆ ಇದು ಓದೋಕೆ ಬರಲ್ಲ, ಮೊದಲಿನ ಹಾಗೇ ಬರೀತೀರಾ?’ ಒಂದೇ ಗುಂಪು, ಒಂದೇ ಭಾಷೆ. ಕನ್ನಡದಲ್ಲಿ ಬರೆದರೆ ಮೊಮ್ಮಗಳಿಗೆ ತಿಳಿಯದು, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅಜ್ಜಿಗೆ ತಿಳಿಯದು. ನಡುವೆ ನಿಂತವನು ನಾನು. ನನಗೆ ಚಾಳಿಯಾಗಿದ್ದದ್ದು ಮಗಳ ಪಾಲಿಗೆ ಅರಿವಿನ ಕೊರತೆಯಾಗಿ ಇಳಿದಿತ್ತು. ಇಷ್ಟು ವರ್ಷ ನನ್ನ ಸಂದೇಶವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಓದಿದವಳಿಗೆ ಕನ್ನಡ ಅಕ್ಷರದ ಅಗತ್ಯ ಬಿದ್ದದ್ದಾದರೂ ಎಲ್ಲಿ?

ಕೆಲವು ತಿಂಗಳು ಎರಡೆರಡು ಸಲ ಬರೆದೆ. ಬೇಸರ ಬಂತು. ಕೊನೆಗೆ ದಾರಿ ಸಿಕ್ಕಿದ್ದು ಅವಳಿಗೆ ಬರುತ್ತಿದ್ದ ಮರಾಠಿಯಲ್ಲಿ. ಕನ್ನಡದ ಕಾಗುಣಿತವೂ ಮರಾಠಿಯ ಬಾರಾಖಡಿಯೂ ಒಂದೇ ಕ್ರಮ ಎಂಬುದು ನಮಗೆ ಗೊತ್ತಿರುವುದೇ. ಅದನ್ನು ಕಂಪ್ಯೂಟರಿಗೂ ಕಲಿಸಿದ್ದಾರೆ ಎಂಬುದು ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಎಂಬ ತತ್ತ್ವದ ಮೇಲೆ ‘ಇಸ್ಕಿ’ ಎಂಬ ಸಂಕೇತ ಪದ್ಧತಿ ಬಂತು, 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನದ ಹಿಂದೆಯೂ ಇದೇ ತತ್ತ್ವ. ಯೂನಿಕೋಡ್ ಆ ಚೌಕಟ್ಟನ್ನೇ ಉಳಿಸಿಕೊಂಡಿತು. ದೇವನಾಗರಿಯ ಕ 2325ನೆಯ ಮನೆಯಲ್ಲಿದೆ, ಕನ್ನಡದ ಕ 3221ನೆಯ ಮನೆಯಲ್ಲಿ. ಅಂತರ 896. ಖ, ಗ, ಘ, ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ, ಅಂತರ ಅದೇ 896. ಎರಡು ಓಣಿ, ಒಂದೇ ನಕ್ಷೆ.

ಇದನ್ನು ಮಗಳಿಗೆ ತೋರಿಸಿದೆ. ಲೆಕ್ಕ ಅವಳಿಗೆ ಹಿಡಿಸಿತು. ಒಂದು ಹ್ಯಾಂಡ್‌ಬುಕ್ಕಿನಲ್ಲಿ ಎಡಕ್ಕೆ ದೇವನಾಗರಿ, ಬಲಕ್ಕೆ ಕನ್ನಡ ಬರೆದುಕೊಂಡಳು. ಬೇಸಿಗೆ ರಜೆ ಮುಗಿಯುವುದರೊಳಗೆ ತಡವರಿಸುತ್ತ ಓದತೊಡಗಿದಳು. ಲ, ಳ ಅವಳಿಗೆ ಎಂದೂ ತಪ್ಪಲಿಲ್ಲ, ಮರಾಠಿಯಲ್ಲಿ ಳ ಇದೆಯಲ್ಲ. ಕಷ್ಟವಾದದ್ದು ಎರಡು. ಮರಾಠಿಯಲ್ಲಿ ಪಕ್ಕಕ್ಕೆ ಕೂರುವ ಅರ್ಧಾಕ್ಷರ ಇಲ್ಲಿ ಕೆಳಗೆ ಒತ್ತಾಗಿ ಇಳಿಯುವುದು ಒಂದು. ಇನ್ನೊಂದು, ಎ ಮತ್ತು ಏ, ಒ ಮತ್ತು ಓ. ದೇವನಾಗರಿಯ ಓಣಿಯಲ್ಲೂ ಹ್ರಸ್ವ ಎ, ಒ ಗಳಿಗೆಂದು ಮನೆ ಕಟ್ಟಿಸಿದ್ದಾರೆ. ಮರಾಠಿ ಅಲ್ಲಿ ವಾಸ ಮಾಡುವುದಿಲ್ಲ, ಅಷ್ಟೇ.

ಹಾಗಾಗಿ ಅವಳು ಅಜ್ಜಿಗೆ ಕಳಿಸಿದ ಮೊದಲ ಕನ್ನಡ ಸಂದೇಶದಲ್ಲಿ ‘ನನಗೂ ಹೋಳಿಗೆ ಕೋಡು’ ಎಂದಿತ್ತು. ಅವ್ವ ಬರೆದಳು: ‘ಹೋಳಿಗಿ ಕೊಡತೇನಿ. ಕೋಡು ಎಮ್ಮಿಗೆ ಇರತಾವು.’

ನನ್ನ ಚಾಳಿ ಪೂರಾ ಹೋಗಿದೆ ಎಂದರೆ ಸುಳ್ಳು. ಗೆಳೆಯರ ಗುಂಪಿನಲ್ಲಿ ಗಡಿಬಿಡಿಯಿದ್ದಾಗ ಬೆರಳು ಹಳೆಯ ಹಾದಿಯನ್ನೇ ಹಿಡಿಯುತ್ತದೆ. ಅವ್ವನಿಗೆ ಮಾತ್ರ ಕನ್ನಡದಲ್ಲೇ ಬರೆಯುತ್ತೇನೆ, ಈಗ ಉದ್ದವಾಗಿಯೇ ಬರೆಯುತ್ತೇನೆ. ಅಪ್ಪನ ವಿಷಯವೂ ಬರುತ್ತದೆ. ಓದಲು ಅವಳು ಯಾರ ದಾರಿಯನ್ನೂ ಕಾಯುವುದಿಲ್ಲ. ಈಚೆಗೆ ಕಣ್ಣು ಮಂಜಾಗಿರುವುದರಿಂದ ತಾನು ಬರೆಯುವುದನ್ನು ಕಡಿಮೆ ಮಾಡಿ ದನಿ ಮುದ್ರಿಸಿ ಕಳಿಸುತ್ತಾಳೆ. ಅದರಲ್ಲೂ ಕೂಗುತ್ತಾಳೆ. ಸಾವಕಾಶ ಮಾತಾಡು ಎಂದು ಹೇಳುವುದನ್ನು ನಾನು ಬಿಟ್ಟಿದ್ದೇನೆ.